ಪೊಟ್ಟಣದ ಬೆನ್ನು

ಇಪ್ಪತ್ತೆರಡು ವರ್ಷದ ನನ್ನ ಗೋದಾಮು ಜೀವನದಲ್ಲಿ ಒಂದು ಚೀಲವೂ ತೇವ ಹಿಡಿದಿಲ್ಲ, ಒಂದು ಡಬ್ಬವೂ ಅವಧಿ ಮೀರಿಲ್ಲ. ಅಂಥ ನನಗೆ ನಲವತ್ತು ಪೊಟ್ಟಣ ಹಾಲಿನ ಪುಡಿ ಯಾವ ಲೆಕ್ಕ! ಹೆಂಡತಿ ಎಂಟು ದಿನದ ತರಬೇತಿಗೆ ಹೊರಟಾಗ ಎದೆ ತಟ್ಟಿಕೊಂಡು ಹಾಗೆಂದೇ ಹೇಳಿದೆ.

ಅದು ಅಂಗಡಿಯ ಪುಡಿಯಲ್ಲ. ಎರಡು ತಿಂಗಳು ಅವಳು ತೆಗೆದಿಟ್ಟ ಎದೆಹಾಲನ್ನೇ ಹೆಪ್ಪುಗಟ್ಟಿಸಿ, ನೀರಿನಂಶ ತೆಗೆಸಿ, ಪೊಟ್ಟಣ ಕಟ್ಟಿಸಿದ್ದು. ಒಂದೊಂದರ ಮೇಲೂ ಅವಳ ಕೈಬರಹದಲ್ಲಿ ತಾರೀಖು, ಬೆರೆಸಬೇಕಾದ ನೀರಿನ ಅಳತೆ. ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ.

"ಕುದಿಸಿ ಆರಿಸಿದ ನೀರು. ಬಿಸಿ ಬಿಸಿ ಹಾಕ್ಬೇಡಿ. ಬೇಕಾದಾಗ ಮಾತ್ರ ಪೊಟ್ಟಣ ಕತ್ತರಿಸಿ. ಮಗು ಬಿಟ್ಟ ಹಾಲು ಎತ್ತಿಡ್ಬೇಡಿ," ಎಂದಳು.

"ನನಗೇ ದಾಸ್ತಾನು ಪಾಠ ಹೇಳ್ತೀಯಾ?" ಎಂದೆ.

ಮೊದಲೆರಡು ದಿನಕ್ಕೆ ಫ್ರಿಜ್‌ನಲ್ಲಿ ಹಾಲಿತ್ತು. ಮಗಳು ಕುಡಿದು ಮಲಗಿದರೆ ಮನೆ ಬಿಕೋ ಎನ್ನುತ್ತಿತ್ತು. ಫೋನಿನಲ್ಲಿ ಬರೀ ಮಗಳ ಸುದ್ದಿಯೇ ಆಗುತ್ತಿತ್ತು. ನನ್ನೊಬ್ಬನಿಗೆ ಅಡುಗೆ ಯಾಕೆಂದು ನೀರು ಕಾಯಿಸುವುದಕ್ಕೆ ಬಿಟ್ಟರೆ ಒಲೆಯನ್ನೇ ಹಚ್ಚಲಿಲ್ಲ. ಬೇಸರ ತಡೆಯಲಾರದೆ ಗೋದಾಮಿನ ಲೇಬಲ್ ಸುರುಳಿ ಬಿಚ್ಚಿ, ಒಂದರಿಂದ ನಲವತ್ತರವರೆಗೆ ಸಂಖ್ಯೆ ಬರೆದು, ಎಲ್ಲ ಪೊಟ್ಟಣಕ್ಕೂ ತಾರೀಖಿನ ಕ್ರಮದಲ್ಲೇ ಅಂಟಿಸಿ ಸಾಲಾಗಿ ಜೋಡಿಸಿದೆ. ಆಹಾ, ಏನು ಶಿಸ್ತು! ಕರೆದು ತೋರಿಸಲು ಯಾರೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮಗಳು ಹಸಿದು ಚೀರಿದಳು. ಕೈ ತೊಳೆದೆ, ಆರಿಸಿದ ನೀರು ಎದುರಿಗಿಟ್ಟೆ, ನಂಬರ್ ಒಂದನ್ನು ಎತ್ತಿಕೊಂಡೆ. ನೀರೆಷ್ಟು? ನನ್ನ ಲೇಬಲ್ ಅವಳ ಅಕ್ಷರದ ಮೇಲೇ ಗಟ್ಟಿಯಾಗಿ ಕೂತಿತ್ತು. ಕಿತ್ತೆ. ಅಕ್ಷರವೂ ಅದರ ಜೊತೆಗೇ ಎದ್ದು ಬಂತು. ನಂಬರ್ ಎರಡರದೂ ಅದೇ ಕಥೆ. ಅಂದಾಜಿಗೆ ಬೆರೆಸುವ ಮಾಲಲ್ಲ ಇದು. ಅವಳಿಗೆ ಫೋನ್ ಮಾಡಿದೆ.

ಆರನೆಯ ಸಲಕ್ಕೆ ಅವಳು ಫೋನ್ ಎತ್ತಿದಳು.

"ಪೊಟ್ಟಣಕ್ಕೆ ಎಷ್ಟು ನೀರು?"

"ಮೇಲೆ ಬರೆದಿದ್ದೀನಲ್ಲ."

"ಅದರ ಮೇಲೆ ನಾನು ಬರೆದುಬಿಟ್ಟೆ."

ಆ ಕಡೆಯಿಂದ ಒಂದು ನಿಟ್ಟುಸಿರು. "ತಿರುಗಿಸಿ ನೋಡ್ರೀ. ಕ್ಲಾಸ್ ಶುರುವಾಯ್ತು, ಇಡ್ತೀನಿ."

ಗೋದಾಮಿನಲ್ಲಿ ಮಾಲಿನ ಬೆನ್ನು ನೋಡುವ ಪದ್ಧತಿಯೇ ಇಲ್ಲ. ನಂಬರ್ ಒಂದನ್ನು ತಿರುಗಿಸಿದೆ. "ಲೇಬಲ್ ಅಂಟಿಸಿದ್ರಾ? ನೀರು ತೊಂಬತ್ತು ಮಿಲಿ. ನಿಮ್ಮ ಊಟ ಆಯ್ತಾ?"

ಮಗಳು ಗಟಗಟ ಕುಡಿದಳು. ನಾನು ಬೆನ್ನಿನ ಆ ಕೊನೆಯ ಸಾಲನ್ನು ಮತ್ತೆ ಓದಿದೆ. ಎರಡು ದಿನದಿಂದ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. "ಆಯ್ತು ಕಣೇ," ಎಂದೆ, ಖಾಲಿ ಅಡುಗೆಮನೆಗೆ.

ನಂಬರ್ ಎರಡನ್ನು ತಿರುಗಿಸಿದೆ.

"ನೀರು ನೂರು ಮಿಲಿ. ಸುಳ್ಳು ಹೇಳ್ಬೇಡಿ, ಮೊದಲು ಏನಾದ್ರೂ ತಿನ್ನಿ."