ಹಡಗಿಗೆ ಹೊರಟ ಡಾಕ್ಟರ್ ಸೊಸೆ

ಸುದ್ದಿಯ ಬೆನ್ನು ಹತ್ತುವವಳು ನಾನಲ್ಲ, ಸುದ್ದಿಯೇ ನನ್ನ ಮನೆ ಹುಡುಕಿಕೊಂಡು ಬರುತ್ತದೆ. ಜರ್ಮನಿಯ ಹ್ಯಾನೋವರಿನಲ್ಲಿ ಮಗಳ ಮನೆಗೆ ಬಂದ ಮೇಲೂ ಅದೇ ಪಾಡು. ಮೇಲಿನ ಮನೆಯಲ್ಲಿ ನಮ್ಮ ಗದಗಿನ ಕಡೆಯವರೇ ಇದ್ದರು: ಇಲ್ಲಿಯ ಸರಕಾರ ಕೊಟ್ಟ ಗ್ರೀನ್ ಕಾರ್ಡಿನ ಮೇಲೆ ಬಂದ ಕಂಪ್ಯೂಟರ್ ಹುಡುಗ, ಡಾಕ್ಟರಾಗಿದ್ದೂ ಇಲ್ಲಿ ಪರವಾನಗಿ ಸಿಗದೆ ಮನೆಯಲ್ಲಿ ಕೂತ ಅವನ ಹೆಂಡತಿ, ಊರಿಂದ ಬಂದ ಅವನ ಅವ್ವ. ನಡುವೆ ಇರುವುದು ಮೆಟ್ಟಿಲು. ಇಲ್ಲಿಯವರು ಅದಕ್ಕೆ ಟ್ರೆಪ್ಪೆನ್‌ಹೌಸ್ ಅಂತಾರೆ, ನಾನು ಕಟ್ಟೆ ಅಂತೇನೆ.

ಬಿಟ್ಟಿ ಚಾಕರಿ

ಒಂದು ದಿನ ಆ ಅತ್ತೆ ಕೆಳಗಿಳಿದು ಬಂದು ಗೊಳೋ ಅಂದಳು.

"ಸೊಸಿ ಆಫ್ರಿಕಾಕ್ಕ ಹೊಂಟಾಳ್ರೀ ಅಕ್ಕಾರ. ಅಲ್ಲೊಂದು ದವಾಖಾನಿ ಹಡಗ ಐತಂತ. ಸೀಳುತುಟಿ ಕೂಸುಗಳಿಗೆ ಪುಕ್ಕಟೆ ಆಪರೇಶನ್ ಮಾಡತಾರಂತ, ಅಲ್ಲಿಯ ಡಾಕ್ಟರಗೋಳಿಗೂ ಕಲಸತಾರಂತ."

"ಪಗಾರ?"

"ಏನೂ ಇಲ್ಲ. ಇಕಿ ಊಟದ ರೊಕ್ಕಾನೂ ಇಕಿನ ಕೊಡಬೇಕಂತ!"

ದುಡಿಯಲು ಹೋಗಿ ಊಟಕ್ಕೂ ದುಡ್ಡು ಕೊಡುವುದೆಂದರೆ ಇದರಲ್ಲಿ ಬೇರೆ ಏನೋ ಇರಬೇಕು. ಆದರೂ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ರವಿವಾರದ ಕನ್ನಡ ಕೂಟಕ್ಕೆ ಬಂದವರಿಗೆ ಮಾತ್ರ, "ಗಂಡನ್ನ ಬಿಟ್ಟು ಹೊಂಟಾಳ" ಅಂತ ಚುಟುಕಾಗಿ ಹೇಳಿದೆ.

ಕಟ್ಟಿದ ಹಡಗು

ಆಮೇಲೊಮ್ಮೆ ಸಕ್ಕರೆ ಕೇಳಲು ಮೇಲೆ ಹೋಗಿದ್ದೆ, ಅಷ್ಟೇ. ಒಳಗೆ ಜಗಳ.

"ಕಳಸೂದಿಲ್ಲ!" ಅತ್ತೆ ಕಡ್ಡಿ ಮುರಿದಂತೆ ಅಂದಳು. "ಬಿಟ್ಟು ಹೊಂಟಾಳ ಅಂತ ಮಂದಿ ಆಗಲೇ ಆಡಾಕತ್ತಾರ."

ಸೊಸೆಯ ಕಣ್ಣು ತುಂಬಿತ್ತು. "ಇಲ್ಲಿ ಬಂದಾಗಿಂದ ಕೈಯಾಗ ಚಾಕು ಹಿಡದಿಲ್ಲ ಅತ್ತಿ. ಹಿಂಗ ಕುಂತ್ರ ಕಲತದ್ದೆಲ್ಲ ಮರತ ಹೋಗತೈತಿ."

ಮಗ ನಡುವೆ ಬಂದ. "ಯವ್ವಾ, ಹೆದರಬ್ಯಾಡ. ಆ ಹಡಗ ಬಂದರಿನಾಗ ಕಟ್ಟಿರತಾರ, ಎಲ್ಲೂ ಹೋಗೂದಿಲ್ಲ."

"ಇಕಿನ್ನೂ ನಿನ್ನ ಕೊರಳಿಗೆ ಕಟ್ಟಿದ್ದೆ. ನಿಂತಳೇನು?"

ನಾನು ಸಕ್ಕರೆ ಮರೆತು ಕೆಳಗಿಳಿದೆ.

ಎಣ್ಣೆಗಾಯಿ

ಆ ಅತ್ತೆ ಒಂದು ಮಧ್ಯಾಹ್ನ ನನ್ನನ್ನು ಊಟಕ್ಕೆ ಕರೆದಳು. ಎಣ್ಣೆಗಾಯಿಗೆ ಮಸಾಲೆ ತುಂಬುವ ಕೆಲಸ ಸೊಸೆಯದು. ನಾನು ರೊಟ್ಟಿಗೆ ಹಚ್ಚಲು ಬದನೆಕಾಯಿ ಬಿಡಿಸಲು ನೋಡಿದೆ, ಬಿಡಲಿಲ್ಲ. ಕಚ್ಚಿದೆ. ಹಲ್ಲಿನ ಸಂದಿಯಿಂದ ಕರೀ ದಾರ ಜೋತುಬಿತ್ತು!

"ಏನ ಇದು?" ಅತ್ತೆ ಚೀರಿದಳು.

"ಕೈ ಮರೀಬಾರದಂತ ತುಂಬಿದ ಮ್ಯಾಲ ಹೊಲದೆ ಅತ್ತಿ. ತಟ್ಟಿಗೆ ಬಡಸೂಮುಂದ ಬಿಚ್ಚಬೇಕಂದಿದ್ದೆ. ಅಷ್ಟರಾಗ ನೀವ ಬಡಸಿಬಿಟ್ರಿ."

ಅತ್ತೆ ತನ್ನ ತಟ್ಟೆಯ ಬದನೆಕಾಯಿಯನ್ನು ಕನ್ನಡಕ ಏರಿಸಿ, ಹೊರಳಿಸಿ ನೋಡಿದಳು. ಕುದಿಯುವ ಎಣ್ಣೆಯಲ್ಲಿ ಬೆಂದರೂ ಒಂದು ಹನಿ ಮಸಾಲೆ ಹೊರಗೆ ಬಂದಿರಲಿಲ್ಲ. ಹೊಲಿಗೆ ಇರುವೆ ಸಾಲಿನ ಹಾಗಿತ್ತು.

"ಇಂಥಾ ಕೈ ಇಟಗೊಂಡು ನನ್ನ ಮಗನ ಅಂಗಿ ಗುಂಡಿ ಯಾಕ ಜೋತಾಡಾಕತ್ತೈತಿ?" ಅಂದಳು. ಆಮೇಲೆ ಮೆಲ್ಲಗೆ, "ಆ ಕೂಸುಗಳ ತುಟಿನೂ ಹಿಂಗ ಹೊಲೀತಿಯೇನು?"

ಸೊಸೆ ಹೌದೆಂದು ತಲೆ ಆಡಿಸಿದಳು. ಅತ್ತೆ ಕರಗುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಸುಮ್ಮನಿರಲಾದೀತೇ?

"ಹೊಲಿಗಿ ಚಲೋನ ಐತಿ ಬಿಡ್ರಿ. ಆದ್ರ ಮಂದಿ ಬಾಯಿ..."

ಅತ್ತೆ ನನ್ನ ಕಡೆ ತಿರುಗಿದಳು. ದಾರ ಇನ್ನೂ ನನ್ನ ಹಲ್ಲಿನಲ್ಲೇ ಇತ್ತು.

"ಹೋಗಿ ಬಾರವ್ವಾ," ಅಂದಳು ಸೊಸೆಗೆ. "ಹೋಗೂಕಿಂತ ಮೊದಲ ಈ ಅಕ್ಕಾರ ಬಾಯಿಗೆ ನಾಕ ಹೊಲಿಗಿ ಹಾಕಿ ಹೋಗು."

ಸೊಸೆ ಡಾಕ್ಟರರ ಗಾಂಭೀರ್ಯದಲ್ಲಿ ನನ್ನ ಬಾಯಿಯನ್ನು ಈ ಕಡೆಯಿಂದ ಆ ಕಡೆಯವರೆಗೆ ಅಳೆದು ನೋಡಿದಳು.

"ಅಷ್ಟು ದಾರ ಆ ಹಡಗಿನಾಗೂ ಇರೂದಿಲ್ರೀ ಅತ್ತಿ."