ಜೋಳದಹಕ್ಕಲ ಶಾಲೆಯ ಮೈಕು-ಕವಚಭಂಗ

ಕೃತ, ತ್ರೇತಾ, ದ್ವಾಪರಗಳೆಂಬ ಮೂರು ಯುಗಗಳು ಕಳೆದು, ನಾಲ್ಕನೆಯದಾದ ಕಲಿಯುಗವೂ ಮುಪ್ಪಾಗಿ, ಅದರ ಬಾಲಕ್ಕೆ ಪ್ಲಾಸ್ಟಿಕ್‌ಯುಗವು ಜೋತುಬಿದ್ದಿದ್ದ ಕಾಲದಲ್ಲಿ, ಟಿವಿಯ ರಿಮೋಟು ಕವರಿನೊಳಗೇ ಹುಟ್ಟಿ ಕವರಿನೊಳಗೇ ಸಾಯುತ್ತಿದ್ದ ಆ ಪುಣ್ಯಕಾಲದಲ್ಲಿ, ಜೋಳದಹಕ್ಕಲವೆಂಬ ಊರಿನ ಸರಕಾರಿ ಶಾಲೆಯ ನಾಲ್ಕನೆಯ ಇಯತ್ತೆಯೊಳಗೆ ನಡೆದ ಘೋರಸಂಗ್ರಾಮವನ್ನು ಹೇಳುತ್ತೇನೆ. ಎಲೈ ವಾಗ್ದೇವಿ, ನನ್ನ ನಾಲಿಗೆಯ ಮೇಲೆ ಆಮೇಲೆ ಕೂಡುವೆಯಂತೆ. ಮೊದಲು ಪಕ್ಕದ ಗಿರಣಿಯನ್ನು ಒಂದು ಗಳಿಗೆ ನಿಲ್ಲಿಸು. ಕೇಳುವವರು ಸುಮ್ಮನೆ ಕೇಳಿರಿ. ನಡುವೆ ಬಾಯಿ ಹಾಕುವವರು ಈಗಲೇ ಎದ್ದು ಹೋಗಿರಿ.

ಆ ಶಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು ಹಿಟ್ಟಿನ ಗಿರಣಿ. ಜೋಳಾಂತಕ, ಗೋಧೀಮರ್ದನ, ದಿಗ್ದಂತಿನಿದ್ರಾಭಂಜಕ. ಅದರ ಪಟ್ಟಾ ತಿರುಗಿತೆಂದರೆ ಮೇಲಿನ ಫ್ಯಾನೂ ಕೆಳಗಿನ ಮಕ್ಕಳೂ ಅದಕ್ಕೆ ದನಿಗೂಡಿಸುತ್ತಿದ್ದರು. ಈ ರಕ್ಕಸನಿಗೆ ಎದುರಾಗಿ ಮೊದಲ ಸಾಲಿನಲ್ಲಿ ಕುಳಿತವಳು ನಮ್ಮ ವೀರಬಾಲೆ ಫಕೀರವ್ವ. ಹುಟ್ಟಿನಿಂದ ಅವಳ ಕಿವಿ ಬಲು ಮಂದ. ಎರಡೂ ಕಿವಿಗೆ ಯಂತ್ರವಿತ್ತು, ನಿಜ. ಆದರೆ ಆ ಯಂತ್ರಕ್ಕೆ ಕಸ್ತೂರಿ ಅಕ್ಕೋರ ಪಾಠವೂ ಒಂದೇ, ಗಿರಣಿಯ ಗರ್ಜನೆಯೂ ಒಂದೇ; ಎರಡನ್ನೂ ಕಲಸಿ ಮುದ್ದೆ ಮಾಡಿ ಕಿವಿಗೆ ಸುರಿಯುತ್ತಿತ್ತು. ಅದಕ್ಕೇ ಅವಳು ಅಕ್ಕೋರ ತುಟಿ ನೋಡಿ ಪಾಠ ಹಿಡಿಯುತ್ತಿದ್ದಳು. ಅಕ್ಕೋರು ಹಲಗೆಯ ಕಡೆ ಹೊಳ್ಳಿದರೋ, ಅವಳ ಪಾಲಿಗೆ ಖಗ್ರಾಸ ಗ್ರಹಣ.

ಇಂತಿರಲು ಸರಕಾರದಿಂದ ಒಂದು ದಿವ್ಯಾಸ್ತ್ರ ಬಂದಿತು. ಹೇಳುವವರ ಕೊರಳಿಗೆ ಒಂದು ಪುಟ್ಟ ಮೈಕು, ಕೇಳುವವಳ ಕಿವಿಯಂತ್ರಕ್ಕೆ ಅಂಗಿಗುಂಡಿಯಷ್ಟು ಒಂದು ತುಣುಕು. ಮಾತು ರೇಡಿಯೊ ಅಲೆಯ ಬೆನ್ನೇರಿ, ಗಿರಣಿಯ ತಲೆಯ ಮೇಲೆ ಹಾರಿ, ನೇರ ಕಿವಿಯೊಳಗೆ ಇಳಿಯಬೇಕು. ಇಳಿಯಬೇಕಾಗಿತ್ತು.

ಆದರೆ ಅಸ್ತ್ರ ಮೊದಲು ಬಿದ್ದದ್ದು ಹೆಡ್‌ಮಾಸ್ತರ ಚನ್ನವೀರಪ್ಪ ಹೊಂಬಳರ ಕೈಗೆ. ಬೀರುಕೀಲಿಕಟಿಬದ್ಧ, ಧೂಳೀನಿರ್ಧೂಮಧಾಮ, ಸರಕಾರಿಸಾಮಾನುಸಂರಕ್ಷಣಧುರೀಣ. ಬೈಕು ಮುದಿಯಾದರೂ ಅದರ ಸೀಟಿನ ಮೊದಲ ಕವರನ್ನು ಹರಿಯಗೊಡದ ಮಹಾನುಭಾವರು ಅವರು. ಮೈಕಿಗೆ ಅರಿಷಿಣ ಕುಂಕುಮ ಏರಿಸಿದರು, ಅದು ಬಂದ ಪ್ಲಾಸ್ಟಿಕ್ ಕವರಿನಲ್ಲಿಯೇ ಮರಳಿ ತುರುಕಿದರು, ಕವರಿನ ಬಾಯಿಗೆ ರಬ್ಬರು ಸುತ್ತಿದರು.

"ಹಿಂಗs ಕೊಳ್ಳಾಗ ಹಾಕ್ಕೊಂಡು ಪಾಠ ಮಾಡ್ರಿ ಅಕ್ಕೋರ. ಕವರ್ ಬಿಚ್ಚಿದ್ರ ಮತ್ತ ನಾ ಜವಾಬ್ದಾರ ಅಲ್ಲ."

ಹಾಗೆಯೇ ನಡೆಯಿತು. ಅಕ್ಕೋರು ಉಸಿರೆಳೆದರೆ ಕವರು ಗರಗರ, ಉಸಿರು ಬಿಟ್ಟರೆ ಪರಪರ. ಫಕೀರವ್ವನ ಕಿವಿಗೆ ಗಿರಣಿಯ ಜೊತೆಗೆ ಕಿರಾಣಿ ಅಂಗಡಿಯೂ ಸೇರಿತು. ಮೈಕಿನ ಸೆಟ್ಟೇ ಕೆಟ್ಟಿದೆಯೆಂದು ಊರೆಲ್ಲ ಸುದ್ದಿಯಾಯಿತು. ಶನಿವಾರ ತಾಲೂಕಿನಿಂದ ಬರುವ ಮೇಡಂ ಅದನ್ನು ಬೇರೆ ಶಾಲೆಗೆ ಒಯ್ಯುತ್ತಾರೆಂಬ ಅಶುಭವಾರ್ತೆಯೂ ಶುಕ್ರವಾರ ಬಂದಿತು.

ಅದನ್ನು ಕೇಳಿ ಕ್ರೋಧಾರುಣಲೋಚನೆಯಾದ, ಹಲಗೆಗೆ ಬರೆಯುವ ಖಡುವೇ ಗದೆಯಾಗಿ ಉಳ್ಳ ಕಸ್ತೂರಿ ಅಕ್ಕೋರು ವರ್ಗದ ಬಾಗಿಲಲ್ಲೇ ಹೆಡ್‌ಮಾಸ್ತರರನ್ನು ತಡೆದು, "ಎಲೈ ಕವಚಪ್ರಿಯನೇ, ಇಂದು ನಿನ್ನ ರಬ್ಬರನ್ನು ಹರಿಯದೆ ಬಿಡೆನು" ಎಂಬ ಅರ್ಥ ಬರುವಂತೆ ಗರ್ಜಿಸಿದರು. ಬಾಯಿಂದ ಬಂದದ್ದು ಇಷ್ಟು:

"ಸರ, ಇದನ್ನ ಬಿಚ್ಚೂದs ಚಲೋ. ನಿಮಗ ಯಾರರ ಬಾಯಿಗೆ ಚೀಲಾ ಕಟ್ಟಿ ಭಾಷಣ ಮಾಡ್ರಿ ಅಂದ್ರ ಮಾಡ್ತೀರೇನು?"

"ಮಾಡ್ತೇನಿ. ದನಿ ಇದ್ದಾವಗ ಚೀಲ ಏನ್ ಮಾಡತೈತಿ? ನಮ್ಮ ಅಪ್ಪ ಹೊಲದಾಗ ನಿಂತು ಕೂಗಿದ್ರ ಆಚಿ ಊರಿನ ಎತ್ತು ನಿಂದರತಿದ್ವು. ಕೊಡ್ರಿ ಇಲ್ಲೆ."

ಹೀಗೆ ನುಡಿದು ಆ ಮಹಾರಥಿಯು ಮೈಕನ್ನು ತನ್ನ ಕೊರಳಿಗೇ ಧರಿಸಿ, ಎದೆಯುಬ್ಬಿಸಿ, ಶಿಸ್ತು, ಸ್ವಚ್ಛತೆ, ಸರಕಾರಿ ಆಸ್ತಿ ಎಂಬ ಮೂರು ವಿಷಯಗಳ ಮೇಲೆ ಸಿಂಹನಾದಗೈದನು. ಕಿಟಕಿಯ ಪಾರಿವಾಳಗಳು ಹಾರಿದವು. ಗಿರಣಿಗೆ ಬಂದ ಹೆಂಗಸರು ಇಣುಕಿದರು.

"ಕೇಳ್ಸ್ತೇನವಾ ಫಕೀರವ್ವ?"

"ಕೇಳ್ಸ್ತ್ರಿ. ಯಾರೋ ಪುಟಾಣಿ ಪುಡಕಿ ಬಿಚ್ಚಾಕತ್ತಾರ್ರಿ."

ವರ್ಗವೆಲ್ಲ ನಕ್ಕಿತು. ಹೆಡ್‌ಮಾಸ್ತರರ ಮುಖ ಬಾಡಿತು. "ನೋಡಿದ್ರಲ್ಲ, ಸೆಟ್ಟs ಕೆಟ್ಟೈತಿ. ನಾಳಿ ಮೇಡಂ ಒಯ್ಯಲಿ" ಎಂದು ಮೈಕು ತೆಗೆಯಹೋದರು.

ಆಗ ಎದ್ದಳು ಫಕೀರವ್ವ. ಕವರು ಅಲುಗಿದಾಗಲೆಲ್ಲ ಕಿವಿಯಲ್ಲಿ ಗರಗರ ಏಳುವುದನ್ನು ಅವಳು ವಾರವಿಡೀ ನೋಡಿದ್ದಳು. ಹೇಳಿದರೆ ಯಾರು ಕೇಳುತ್ತಾರೆ? ಊಟದ ತಾಟು ಸುತ್ತಿ ತಂದಿದ್ದ ಕವರನ್ನು ಚೀಲದಿಂದ ಎಳೆದಳು.

"ಸರ, ಸ್ವಲ್ಪ ಬಗ್ಗರಿ."

ಬಗ್ಗಿದರು. ಯಾಕೆ ಬಗ್ಗಿದರೋ ಅವರಿಗೂ ತಿಳಿಯದು. ಅವರ ಕಿವಿಗೆ ಕವರನ್ನು ಒತ್ತಿ, ಒಂದು ಕೈಯಿಂದ ಅದನ್ನು ಚೆನ್ನಾಗಿ ತಿಕ್ಕುತ್ತ, ಇನ್ನೊಂದು ಕೈ ತನ್ನ ತುಟಿಗೆ ಅಡ್ಡ ಹಿಡಿದು, ಆ ಬಾಲೆ ಏಳರ ಮಗ್ಗಿಯನ್ನು ಹೇಳತೊಡಗಿದಳು.

"ಏನು? ಏನಂದಿ?"

ಅವಳು ನಿಲ್ಲಿಸಲಿಲ್ಲ.

"ಏ, ಏನಂತಿ? ತಿಳೀವಲ್ದು."

ಕವರು ಇಳಿಸಿದಳು. "ನಾನೂ ದಿನಾ ಹಂಗs ಅನ್ನಾಕತ್ತೇನ್ರಿ ಸರ. ಈ ಸೆಟ್ ಹೋತಂದ್ರ ನಾ ಮತ್ತ ಅಕ್ಕೋರ ಬಾಯಿ ಕಾಯಬೇಕು. ಅವ್ರು ಹಲಗಿ ಕಡೆ ಹೊಳ್ಳಿದ್ರ ನನ್ನ ಸಾಲಿ ಬಂದ್."

ಗಿರಣಿ ತಿರುಗುತ್ತಲೇ ಇತ್ತು. ಹೆಡ್‌ಮಾಸ್ತರರು ಕಿವಿ ಉಜ್ಜಿಕೊಂಡರು. ಬಳಿಕ, ಸಮುದ್ರವನ್ನು ಕಡೆದವರ ಗಾಂಭೀರ್ಯದಿಂದ, ರಬ್ಬರಿಗೆ ಉಗುರು ಹಾಕಿ ಎಳೆದರು. ಭೂಮಿ ನಡುಗಲಿಲ್ಲ, ಹೂಮಳೆ ಸುರಿಯಲಿಲ್ಲ. ಟಪ್ ಎಂದಿತು, ಅಷ್ಟೆ. ರಬ್ಬರು ಹಾರಿ ಹಿಂದಿನ ಸಾಲಿಗೆ ಬಿದ್ದಿತು.

"ನಾಳಿ ಮೇಡಂ ಬಂದ್ರ, ಸೆಟ್ ಚಲೋ ಐತಿ ಅಂತ ಹೇಳ್ರಿ. ಒಯ್ಯೂದೇನ್ ಬ್ಯಾಡ" ಎಂದು ಅಕ್ಕೋರ ಕೈಗೆ ಮೈಕು ಕೊಟ್ಟು, ಕವರನ್ನು ಅಂಗೈಯಲ್ಲಿ ಸವರಿ ಸವರಿ ಮಡಚತೊಡಗಿದರು.

ಅಕ್ಕೋರು ನಗ್ನಮೈಕುಧಾರಿಣಿಯಾಗಿ ಹಲಗೆಯ ಬಳಿ ಹೋದರು. ಬೇಕೆಂದೇ ಬೆನ್ನು ತಿರುಗಿಸಿ ನಿಂತರು. ಗಿರಣಿ ಅಬ್ಬರಿಸುತ್ತಿತ್ತು, ಫ್ಯಾನು ಕಿರುಗುಡುತ್ತಿತ್ತು. ತುಟಿ ಕಾಣದು. ಗ್ರಹಣವೆಂದರೆ ಗ್ರಹಣ. ಆ ಕತ್ತಲೆಯನ್ನು ಸೀಳಿಕೊಂಡು, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ, ಅಕ್ಕೋರ ದನಿ ಫಕೀರವ್ವನ ಕಿವಿಯೊಳಗೆ ಇಳಿಯಿತು. ಅವಳ ಮುಖ ಅರಳಿತು. ಬೆನ್ನು ಮಾತಾಡುವುದನ್ನು ಅವಳು ಅಂದೇ ಮೊದಲು ಕೇಳಿದ್ದು. ನಗುತ್ತಲೇ ಇದ್ದಳು.

ಆಮೇಲೆ ಆ ದನಿ ಹೇಳಿದ್ದೇನೆಂಬುದು ಹೊಳೆಯಿತು.

"ನಿನ್ನಿ ಕೊಟ್ಟ ಲೆಕ್ಕ ಬಿಡಿಸದs ಬಂದವ್ರು ಎದ್ದು ನಿಂದರ್ರಿ."

ನಿನ್ನೆಯವರೆಗೂ 'ನಂಗ ಕೇಳ್ಸಿಲ್ರಿ' ಎಂಬ ಅಭೇದ್ಯ ಗುರಾಣಿಯ ಹಿಂದೆ ಕುಳಿತು ಎಷ್ಟೋ ಲೆಕ್ಕಗಳನ್ನು ಗೆದ್ದಿದ್ದ ಆ ವೀರಬಾಲೆ ಮೆಲ್ಲಗೆ ಎದ್ದು ನಿಂತಳು. ಬಾಗಿಲ ಬಳಿ ಸಾಗಿದ್ದ ಹೆಡ್‌ಮಾಸ್ತರರ ಕಡೆ ನೋಡಿದಳು.

"ಸರ, ಆ ಕವರ್ ಇವತ್ತೊಂದಿನ ಹಾಕಿ ಬಿಡ್ರಲ್ಲ."

"ಬರೂದಿಲ್ಲವಾ," ಎಂದರು ಚನ್ನವೀರಪ್ಪ ಹೊಂಬಳರು, ಮಡಚಿದ ಕವರನ್ನು ಕಿಸೆಗೆ ಇಳಿಸಿ, ಬೀರುವಿನ ಕೀಲಿ ಹುಡುಕುತ್ತ. "ಇದು ಸರಕಾರದ್ದು."