ಭಾವನ ಬ್ರೇಕು

ನಮ್ಮ ಭಾವನನ್ನು ತಡೆದು ನಿಲ್ಲಿಸಬಲ್ಲ ಶಕ್ತಿಗಳು ಬಸವೇಶ್ವರನಗರದಲ್ಲಿ ಎರಡೇ ಎರಡು: ಒಂದು ನಮ್ಮ ಅಕ್ಕ, ಇನ್ನೊಂದು ಎದುರುಮನೆಯ ಕಾಂಪೌಂಡು. ಅವರ ಸೈಕಲ್ಲಿನ ಬ್ರೇಕನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದು ಇದ್ದದ್ದು ಬರೀ ಅಲಂಕಾರಕ್ಕೆ!

ಆಷಾಢದಲ್ಲಿ ಅಕ್ಕನ ಮಂಡಿ ಆಪರೇಷನ್ ಆಗಿತ್ತು. ದಿನಾ ಪಾರ್ಕಿನವರೆಗೆ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಹೆದರಿಸಿ ಹೋಗಿದ್ದಳು. ಅಕ್ಕ ಎರಡು ದಿನ ಭಾವನ ಜೊತೆ ಹೋದವಳು ಮತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

"ಇವರು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ್ಕೊಂಡು ಕಾಯ್ತಾರೆ ಕಣೇ. ದಾರಿಯುದ್ದಕ್ಕೂ ಯಾರೋ ನಂಗೋಸ್ಕರ ಕಾಯ್ತಾ ಇದ್ರೆ ನಂಗೆ ಕಾಲೇ ಬರಲ್ಲ. ನಾನು ಹೋಗಲ್ಲ, ಬಿಟ್ಬಿಡಿ," ಎಂದಳು.

ಗಂಡನಾದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಪಕ್ಕದಲ್ಲಿ ಕೂತು ನಾಲ್ಕು ಸಮಾಧಾನದ ಮಾತು ಹೇಳಬೇಕು. ನಮ್ಮ ಭಾವ ವಿಜಯನಗರಕ್ಕೆ ಹೋಗಿ ಯಾರೋ ಮಾರುತ್ತಿದ್ದ ಹಳೆಯ ಸೈಕಲ್ ತಂದರು! ಅದೂ ಬೆಟ್ಟ ಹತ್ತುವ ಮೌಂಟನ್ ಬೈಕು. ನಮ್ಮ ಬಡಾವಣೆಯಲ್ಲಿ ಬೆಟ್ಟ ಎಲ್ಲಿದೆ ಎನ್ನುತ್ತೀರಾ? ಪೈಪಿಗೆಂದು ಒಮ್ಮೆ, ಕೇಬಲ್ಲಿಗೆಂದು ಇನ್ನೊಮ್ಮೆ ಅಗೆದು ಗುಡ್ಡೆ ಹಾಕಿದ ನಮ್ಮ ಅಡ್ಡರಸ್ತೆಯನ್ನು ನೀವು ನೋಡಿಲ್ಲ. ಅಲ್ಲಿ ಶಿಖರಗಳಿವೆ, ಕಣಿವೆಗಳಿವೆ, ಮಳೆ ಬಂದರೆ ಸರೋವರವೂ ಇದೆ.

ಬ್ರೇಕಿನ ಹಿಡಿ ಒತ್ತಿದರೆ ಅದು ಸಲೀಸಾಗಿ ಹೋಗಿ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕಾಂಪೌಂಡಿನ ಪರಿಚಯವಾದದ್ದು ಹೀಗೆ.

"ಕೇಬಲ್ ಸಡಿಲ ಆಗಿದೆ, ಅಷ್ಟೇ. ಐದು ನಿಮಿಷದ ಕೆಲಸ," ಎಂದು ಭಾವ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕೂತರು. ಅದರಲ್ಲಿ ಯಾರೋ ವಿದೇಶಿ ಎರಡೇ ಬೆರಳಲ್ಲಿ ಕೇಬಲ್ ಎಳೆದ, ಬಿಗಿದ, ನಕ್ಕ. ಭಾವನ ಕೈಗೆ ಅದು ಜಾರುತ್ತಿತ್ತು. ಹಿಡಿಯಲು ಏನಾದರೂ ಬೇಕಲ್ಲ?

"ರೀ, ಹಾಲು ಉಕ್ತಾ ಇದೆ! ಇಕ್ಕಳ ಎಲ್ರೀ?" ಒಳಗಿನಿಂದ ಅಕ್ಕ ಕೂಗಿದಳು.

"ತಡಿಯೇ, ಅದು ಡ್ಯೂಟೀಲಿದೆ!"

ಪಾತ್ರೆಯನ್ನು ನಾನೇ ಸೆರಗಿನಲ್ಲಿ ಹಿಡಿದು ಇಳಿಸಿದೆ. ಬ್ರೇಕೇನೋ ಹಿಡಿಯಿತು. ಆದರೆ ಹಿಡಿದಾಗಲೆಲ್ಲ ಅದು ಹಾಕುವ ಕೀರಲು ದನಿಗೆ ಬೀದಿನಾಯಿಗಳೆಲ್ಲ ಎದ್ದು ಉತ್ತರ ಕೊಡತೊಡಗಿದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಿರುಗುಟ್ಟುವ ಬಾಗಿಲಿಗೆ ನೀವೇನು ಹಾಕುತ್ತೀರಿ? ಎಣ್ಣೆ ತಾನೇ? ಭಾವನೂ ಸೈಕಲ್ ತೊಳೆದು, ವಿಭೂತಿ ಬಳಿದು, ಹೊಲಿಗೆ ಮಿಷನ್ನಿನ ಎಣ್ಣೆಯಿಂದ ಬ್ರೇಕು ಕಚ್ಚಿಹಿಡಿಯುವ ಚಕ್ರದ ತಟ್ಟೆಗೆ ಧಾರಾಳವಾಗಿ ಅಭಿಷೇಕ ಮಾಡಿದರು. ಮಂಗಳಾರತಿ ಆಯಿತು. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಿತು. ಬ್ರೇಕು ಒಂಚೂರೂ ಸದ್ದು ಮಾಡಲಿಲ್ಲ. ಬೇರೇನನ್ನೂ ಮಾಡಲಿಲ್ಲ! ಭಾವ ಇಳಿಜಾರಿನಲ್ಲಿ ರಭಸವಾಗಿ ಸಾಗಿ, ತಿರುವಿನಲ್ಲಿ ಮಾರಾಟಕ್ಕೆ ಪೇರಿಸಿಟ್ಟಿದ್ದ ಬೂದುಗುಂಬಳದ ರಾಶಿಯೊಳಗೆ ನುಗ್ಗಿದರು.

"ಸಾರ್!" ವ್ಯಾಪಾರಿ ತಲೆ ಮೇಲೆ ಕೈಯಿಟ್ಟುಕೊಂಡ. "ಕುಂಬಳಕಾಯಿ ಗಾಡಿ ಮುಂದೆ ಒಡೀಬೇಕು ಸಾರ್, ಗಾಡೀಲೇ ಒಡೆಯೋದಲ್ಲ!"

ಮೂಡಲಪಾಳ್ಯದ ಸೈಕಲ್ ಅಂಗಡಿಯವನು ಬ್ರೇಕಿನ ಪ್ಯಾಡನ್ನು ಮೂಸಿ ನೋಡಿ, "ಏನ್ ಅಂಕಲ್, ಇದ್ರಲ್ಲಿ ಬೋಂಡಾ ಕರಿದ್ರಾ?" ಎಂದನಂತೆ. ಎಣ್ಣೆ ಕುಡಿದ ಪ್ಯಾಡು ಬಿಸಾಕಿ, ಹೊಸದು ಹಾಕಿಸಿ, ತಟ್ಟೆಯ ಜಿಡ್ಡು ತೆಗೆಸಿಕೊಂಡು ಬಂದ ಭಾವ, ಇನ್ನು ಈ ಜನ್ಮದಲ್ಲಿ ಸಡಿಲವಾಗಬಾರದೆಂದು ಹಿಡಿಯ ಬುಡದ ತಿರುಪನ್ನು ತಾವೇ ಬಿಗಿದರು. ಎಷ್ಟು ಬಿಗಿದರೆಂದರೆ, ಒತ್ತದಿದ್ದರೂ ಬ್ರೇಕು ಚಕ್ರವನ್ನು ಕಚ್ಚಿಕೊಂಡೇ ಇತ್ತು! ಬೆವರು ಸುರಿಸಿ ತುಳಿದರೂ ಸೈಕಲ್ಲು ಇರುವೆಯಂತೆ ಸಾಗಿತು. ಬುಟ್ಟಿ ಹೊತ್ತ ಸೊಪ್ಪಿನಜ್ಜಿ ಅವರನ್ನು ಹಿಂದೆ ಹಾಕಿ, ತಿರುಗಿ ಒಮ್ಮೆ ನೋಡಿ ಹೋದಳು.

ಗೇಟು ಹಿಡಿದು ನಿಂತಿದ್ದ ಅಕ್ಕನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ಅಯ್ಯೋ, ಇದಕ್ಕಿಂತ ನಾನೇ ಬೇಗ ಹೋಗ್ತೀನಿ ಕಣ್ರೀ!"

ಭಾವ ತುಳಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಅವಳನ್ನೇ ನೋಡಿದರು.

"ಭಾವ, ತುಂಬಾ ಟೈಟಾಯ್ತು. ಒಂದು ಸುತ್ತು ಲೂಸ್ ಮಾಡಿ," ಎಂದೆ ನಾನು.

"ಮುಟ್ಬೇಡ! ಈಗ್ಲೇ ಸರಿಯಾಗಿರೋದು!" ಎಂದು ನನ್ನ ಮೇಲೇ ರೇಗಿದರು. ಇಂಥವರಿಗೆ ಬುದ್ಧಿ ಹೇಳುವುದುಂಟೆ?

ಮುಂದಿನ ವಾರ ಹುಳಿಯ ಡಬ್ಬಿ ಹಿಡಿದು ಹೋದರೆ ಮನೆಗೆ ಬೀಗ. ಗಾಬರಿಯಾಗಿ ರಸ್ತೆಯತ್ತ ತಿರುಗಿದೆ. ಪಾರ್ಕಿನ ಕಡೆಯಿಂದ ಕೋಲು ಊರಿಕೊಂಡು ಅಕ್ಕ ಬರುತ್ತಿದ್ದಳು. ಅವಳ ಹಿಂದೆ, ಏದುಸಿರು ಬಿಡುತ್ತ, ಸೈಕಲ್ ಮೇಲೆ ಭಾವ.

"ಬೇಗ ಬರ್ರೀ! ಎಷ್ಟೊತ್ತು ಕಾಯ್ಲಿ ನಿಮಗೆ?"

"ಏನ್ ಮಾಡ್ಲೇ, ಈ ಹಾಳಾದ್ ಬ್ರೇಕು ಬಿಡ್ತಾನೇ ಇಲ್ಲ! ನೀನು ನಡೀತಾ ಇರು, ಬಂದೆ!"

ಅಕ್ಕ ಗೆದ್ದವಳಂತೆ ಬೀಗ ತೆಗೆದು ಒಳಗೆ ಹೋದಳು. ಭಾವ ಗೇಟಿನ ಬಳಿ ಬಗ್ಗಿ ತಿರುಪನ್ನು ಸಡಿಲಿಸಿ, ಚಕ್ರವನ್ನೆತ್ತಿ ಬೆರಳಿಂದ ತಳ್ಳಿದರು. ಅದು ಸರ್ರನೆ ತಿರುಗಿತು. ಮತ್ತೆ ಬಿಗಿದರು, ಮೊದಲಿನಷ್ಟಲ್ಲ. ನಾನು ನೋಡುತ್ತಿರುವುದು ಕಂಡು ದನಿ ತಗ್ಗಿಸಿದರು.

"ಇವತ್ತು ಅವಳು ಸ್ವಲ್ಪ ಜೋರಾಗೇ ನಡೆದಳು ಕಣಮ್ಮ. ನಾಳೆಗೆ ಒಂಚೂರು ಲೂಸ್ ಬಿಡ್ಬೇಕು, ಇಲ್ದಿದ್ರೆ ನಾನು ತೀರಾ ಹಿಂದೆ ಉಳಿದುಬಿಡ್ತೀನಿ."

"ರೀ, ಇನ್ನೂ ಸರಿಹೋಗ್ಲಿಲ್ವಾ ಆ ಬ್ರೇಕು?" ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ಎಲ್ಲಿ ಸರಿಹೋಗತ್ತೆ!" ಭಾವ ಕೈಗಂಟಿದ ಮಸಿ ಒರೆಸಿಕೊಳ್ಳುತ್ತ ಕೂಗಿದರು. "ಇನ್ನೂ ಸ್ವಲ್ಪ ದಿನ ಬೇಕು ಕಣೇ!"